ಆಟೋಪೈಲಟ್‌ಗೆ ಚುಕ್ಕಾಣಿ ಸೆನ್ಸರ್: ತೋಳಿನದೋ, ಆಯಸ್ಕಾಂತದ್ದೋ, ಏನೂ ಬೇಡವೋ?

ದೋಣಿಯನ್ನು ತಾನೇ ನಡೆಸುವ ಆಟೋಪೈಲಟ್‌ಗೆ, ನೀರಿನೊಳಗಿನ ಚುಕ್ಕಾಣಿ ಎಷ್ಟು ತಿರುಗಿದೆ ಅಂತ ತಿಳಿಸುವುದು ಚುಕ್ಕಾಣಿ ಸೆನ್ಸರ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತೋಳು ಮತ್ತು ಸರಳು ಇರುವ ಹಳೇ ಮಾದರಿಯ ಸೆನ್ಸರ್‌ಗೆ. ನಮ್ಮದು 32 ಅಡಿಯ ಹಳೇ ಹಾಯಿದೋಣಿ, ವೀಲ್ ಸ್ಟೀರಿಂಗ್. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಅಲಮೀಡಾದಲ್ಲಿ ಕಟ್ಟಿದ್ದೇವೆ. ಚುಕ್ಕಾಣಿ ಸೆನ್ಸರ್ ಇಲ್ಲದೆ, ಆಯಸ್ಕಾಂತದ ಸೆನ್ಸರ್ ಹಾಕಿ, ಆಮೇಲೆ ತೋಳಿನ ಸೆನ್ಸರ್ ಹಾಕಿ, ಮೂರೂ ಬಗೆಯಲ್ಲಿ ಇದೇ ದೋಣಿಯನ್ನು ಓಡಿಸಿ ನೋಡಿದ್ದೇನೆ. ಇಲ್ಲಿನ ಕನ್ನಡದ ಗೆಳೆಯರಲ್ಲಿ ಕೆಲವರು ಈಗ ಹಳೇ ದೋಣಿ ಹುಡುಕುತ್ತಿದ್ದಾರೆ. ಆಟೋಪೈಲಟ್ ಮಾತು ಬಂದರೆ ಎಲ್ಲರೂ ಕೇಳುವುದು ಯಾವ ದಿಕ್ಸೂಚಿ ಕೊಳ್ಳಲಿ ಅಂತ. ಚುಕ್ಕಾಣಿ ಸೆನ್ಸರ್ ಬಗ್ಗೆ ಯಾರೂ ಕೇಳುವುದಿಲ್ಲ. ದುಡ್ಡು ಹಾಕಬೇಕಾದದ್ದು ಅಲ್ಲೇ ಅನ್ನುವುದು ನನ್ನ ಅಭಿಪ್ರಾಯ.

ದಿಕ್ಸೂಚಿ ಹೇಳುವುದು ದೋಣಿಯ ಮೂತಿ ಎತ್ತ ಇದೆ ಅಂತ. ನೀರಿನೊಳಗೆ ಚುಕ್ಕಾಣಿ ಎಷ್ಟು ಡಿಗ್ರಿ ತಿರುಗಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಸೆನ್ಸರ್ ಇಲ್ಲದಿದ್ದರೆ ಆಟೋಪೈಲಟ್ ಅದನ್ನು ಊಹಿಸಬೇಕು. ಚುಕ್ಕಾಣಿ ತಿರುಗಿಸುವ ತನ್ನ ಮೋಟಾರು ಯಾವ ಕಡೆಗೆ ಎಷ್ಟು ಹೊತ್ತು ತಿರುಗಿತು, ಅದಕ್ಕೆ ದೋಣಿ ಎಷ್ಟು ತಿರುಗಿತು, ಇಷ್ಟೇ ಅದರ ಲೆಕ್ಕ.

ಕೊಲ್ಲಿಯ ಒಳಗೆ ಈ ಲೆಕ್ಕ ಸಾಕಾಗುತ್ತದೆ. ಎಂಜಿನ್ ಹಾಕಿಕೊಂಡು ಅಲಮೀಡಾದ ಕಾಲುವೆಯಲ್ಲಿ ಹೋಗುವಾಗಂತೂ ಏನೂ ತೊಂದರೆ ಇರಲಿಲ್ಲ. ತೊಂದರೆ ಶುರುವಾಗುವುದು ಗೋಲ್ಡನ್ ಗೇಟ್ ದಾಟಿ ಹಾಫ್ ಮೂನ್ ಬೇ ಕಡೆ ದಕ್ಷಿಣಕ್ಕೆ ಇಳಿಯುವಾಗ. ಬೇಸಿಗೆಯಲ್ಲಿ ಅಲ್ಲಿ ಗಾಳಿ ವಾಯವ್ಯದಿಂದ ಬರುತ್ತದೆ, ಅಂದರೆ ಗಾಳಿಯೂ ಹಿಂದಿನಿಂದ, ಅಲೆಯೂ ಹಿಂದಿನಿಂದ. ಪ್ರತಿ ಅಲೆಯೂ ದೋಣಿಯ ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ತಳ್ಳುತ್ತದೆ. ಆಗ ಚುಕ್ಕಾಣಿಯನ್ನು ತಕ್ಷಣ ತಿರುಗಿಸಬೇಕು, ಅಲೆ ದಾಟಿದ ಕೂಡಲೇ ಸರಿಯಾಗಿ ನಡುವಿಗೆ ತರಬೇಕು. ನಡು ಎಲ್ಲಿದೆ ಅಂತಲೇ ಗೊತ್ತಿಲ್ಲದ ಆಟೋಪೈಲಟ್ ಒಂದು ಕಡೆ ಜಾಸ್ತಿ ತಿರುಗಿಸಿ, ಅದನ್ನು ಸರಿಮಾಡಲು ಇನ್ನೊಂದು ಕಡೆ ಇನ್ನೂ ಜಾಸ್ತಿ ತಿರುಗಿಸುತ್ತಿತ್ತು. ಜಾಡು ಅಂಕುಡೊಂಕು. ಹಾಯಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಡಿಯುವ ಭಯ ಬೇರೆ. ನನ್ನ ಹೆಂಡತಿ ವೀಲ್ ಹಿಡಿದರೆ ಇದಕ್ಕಿಂತ ಎಷ್ಟೋ ನೇರ ಹೋಗುತ್ತಿತ್ತು.

ಇನ್ನೊಂದು ವಿಷಯ, ಚುಕ್ಕಾಣಿ ಎರಡೂ ಬದಿಯಲ್ಲಿ ಒಂದು ತಡೆಗೆ ತಾಗಿ ನಿಲ್ಲುತ್ತದೆ. ಸೆನ್ಸರ್ ಇದ್ದರೆ ಮೋಟಾರು ಅದಕ್ಕಿಂತ ಸುಮಾರು 5 ಡಿಗ್ರಿ ಮೊದಲೇ ನಿಲ್ಲುವ ಹಾಗೆ ಮಿತಿ ಹಾಕಬಹುದು. ಇಲ್ಲದಿದ್ದರೆ ತಡೆಗೆ ಹೋಗಿ ಒತ್ತಿ, ಕರೆಂಟು ಏರಿದ ಮೇಲೆ ಆಟೋಪೈಲಟ್‌ನ ಮಿದುಳಾದ ಕಂಟ್ರೋಲರ್‌ಗೆ ತಿಳಿಯುತ್ತದೆ. ಹಳೇ ದೋಣಿಯ ಕೇಬಲ್, ಬೋಲ್ಟುಗಳಿಗೆ ಇದು ಒಳ್ಳೆಯದಲ್ಲ.

ಆಯಸ್ಕಾಂತದ ಸೆನ್ಸರ್ ನೋಡಲು ಬಲು ಚೆಂದ. ಚುಕ್ಕಾಣಿಯ ಜೊತೆಗೇ ತಿರುಗುವ ಕಂಬದ ತಲೆಯ ಮೇಲೆ ಪುಟ್ಟ ಆಯಸ್ಕಾಂತ ಅಂಟಿಸಬೇಕು, ಅದರ ಮೇಲೆ ಸ್ವಲ್ಪ ಅಂತರ ಬಿಟ್ಟು ಸೆನ್ಸರ್. ಒಂದಕ್ಕೊಂದು ತಾಗುವುದಿಲ್ಲ, ಸವೆಯುವುದಿಲ್ಲ, ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತದೆ. ಆದರೆ ವೀಲ್‌ನ ಕೇಬಲ್ ತುಂಡಾದರೆ ತುರ್ತಿಗೆಂದು ಇಟ್ಟಿರುವ ಟಿಲ್ಲರ್, ಅಂದರೆ ಚುಕ್ಕಾಣಿಯನ್ನು ನೇರವಾಗಿ ಕೈಯಲ್ಲೇ ತಿರುಗಿಸುವ ಹಿಡಿಕೆ, ಕೂರುವುದೂ ಅದೇ ಕಂಬದ ತಲೆಯ ಮೇಲೆ! ಸಮುದ್ರದ ನಡುವೆ ಸ್ಪ್ಯಾನರ್ ಹುಡುಕಿ, ಸೆನ್ಸರ್ ಬಿಚ್ಚಿ, ಆಮೇಲೆ ಟಿಲ್ಲರ್ ಹಾಕುವ ಪರಿಸ್ಥಿತಿ ನನಗೆ ಬೇಡ. ಜೊತೆಗೆ ನಮ್ಮ ಚುಕ್ಕಾಣಿ ಬೇರಿಂಗ್ ಸವೆದಿದೆ. ಭಾರ ಬಿದ್ದಾಗ ಕಂಬ ಕೂದಲೆಳೆಯಷ್ಟು ಪಕ್ಕಕ್ಕೆ ವಾಲುತ್ತದೆ, ಆಯಸ್ಕಾಂತ ನಡುವಿನಿಂದ ಸರಿಯುತ್ತದೆ, ಕೋನದ ಓದಿಕೆ ತಪ್ಪುತ್ತದೆ. ಹೊಸ ದೋಣಿಯಲ್ಲಿ, ಕಂಬದ ತಲೆ ಬೇರೆ ಯಾವುದಕ್ಕೂ ಬೇಕಾಗದ ಕಡೆ, ಇದು ಒಳ್ಳೆಯ ಸಾಧನವೇ.

ಇನ್ನು ತೋಳಿನ ಸೆನ್ಸರ್. ಒಳಗಿರುವುದು ತಿರುಗಿಸಿದಷ್ಟು ವಿದ್ಯುತ್ ಬದಲಾಗುವ ಸಾದಾ ವ್ಯವಸ್ಥೆ, ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯಲ್ಲಿ ಇದ್ದದ್ದೇ. ನನಗೆ 300 ಡಾಲರ್ ಆಸುಪಾಸು ಬಿತ್ತು. ಸೆನ್ಸರ್ ಚೆನ್ನಾಗಿದೆ. ಕಾಡಿದ್ದು ಅದನ್ನು ಕೂರಿಸುವ ಜಾಗ.

ಚುಕ್ಕಾಣಿ ಕಂಬಕ್ಕೆ ಒಂದು ತೋಳು ಬಿಗಿದಿರುತ್ತದೆ. ಸೆನ್ಸರ್‌ಗೂ ಒಂದು ಚಿಕ್ಕ ತೋಳು ಇದೆ. ಎರಡನ್ನೂ ಒಂದು ಸರಳು ಜೋಡಿಸುತ್ತದೆ. ಕಂಬದ ನಡುವಿನಿಂದ ಸರಳು ಸಿಕ್ಕಿಸಿದ ಜಾಗಕ್ಕೆ ಎಷ್ಟು ದೂರವೋ, ಸೆನ್ಸರ್ ತೋಳಿನ ಉದ್ದವೂ ಅಷ್ಟೇ ಇರಬೇಕು. ಸರಳಿನ ಉದ್ದ, ಕಂಬಕ್ಕೂ ಸೆನ್ಸರ್‌ಗೂ ಇರುವ ದೂರದಷ್ಟೇ ಇರಬೇಕು. ಚುಕ್ಕಾಣಿ ನಡುವಿನಲ್ಲಿದ್ದಾಗ ಎರಡೂ ತೋಳು ಸರಳಿಗೆ 90 ಡಿಗ್ರಿಯಲ್ಲಿ, ಎಲ್ಲವೂ ಒಂದೇ ಎತ್ತರದಲ್ಲಿ. ಹಳೇ ಉಗಿಬಂಡಿಯ ಚಕ್ರಗಳನ್ನು ಜೋಡಿಸುವ ಕಂಬಿ ನೋಡಿದ್ದೀರಲ್ವಾ, ಹಾಗೆ ಎರಡೂ ಜೊತೆಜೊತೆಗೆ ತಿರುಗಬೇಕು.

ನಮ್ಮ ದೋಣಿಯ ಹಿಂದಿನ ಗೂಡಿನಲ್ಲಿ ಸೆನ್ಸರ್ ಕೂರಬೇಕಾದ ಜಾಗದಲ್ಲೇ ಎಂಜಿನ್ನಿನ ಎಕ್ಸಾಸ್ಟ್ ಪೈಪು ಮೇಲೆದ್ದು ಬಾಗುತ್ತದೆ. ಹಿಂದಿನಿಂದ ಬಂದ ಅಲೆಯ ನೀರು ಎಂಜಿನ್ನಿಗೆ ನುಗ್ಗಬಾರದು ಅಂತ ಅದನ್ನು ಎತ್ತರಕ್ಕೆ ಒಯ್ದು ಇಳಿಸಿರುತ್ತಾರೆ, ತಗ್ಗಿಸುವ ಹಾಗಿಲ್ಲ. ಕೂಲಿಗೆ ಬಂದ ಮೆಕ್ಯಾನಿಕ್ ಪೈಪಿನ ಈಚೆಗೆ, ಸಿಕ್ಕ ಸಂದಿಯಲ್ಲಿ ಸೆನ್ಸರ್ ಕೂರಿಸಿ ಗಂಟೆ ಲೆಕ್ಕದ ದುಡ್ಡು ತೆಗೆದುಕೊಂಡು ಹೋದರು. ಸರಳು ಓರೆಯಾಗಿತ್ತು. ಚುಕ್ಕಾಣಿಯನ್ನು ಎಡಕ್ಕೆ 30 ಡಿಗ್ರಿ ತಿರುಗಿಸಿದರೆ ಪರದೆಯಲ್ಲಿ 30. ಬಲಕ್ಕೆ 30 ತಿರುಗಿಸಿದರೆ 23! ಮೆನುವಿನಲ್ಲಿ ನಡುವನ್ನು ಸರಿಮಾಡಬಹುದು, ಆದರೆ ಈ ಏರುಪೇರು ಅದರಿಂದ ಹೋಗುವುದಿಲ್ಲ. ಪರಿಣಾಮ ಏನಂದರೆ, ಬಲಕ್ಕೆ ಪೈಲಟ್ ಬೇಕಾದ್ದಕ್ಕಿಂತ ಜಾಸ್ತಿ ಚುಕ್ಕಾಣಿ ಕೊಡುತ್ತಿತ್ತು. ಗಾಳಿ ಒಂದು ಬದಿಯಲ್ಲಿದ್ದಾಗ ದೋಣಿ ಸರಾಗ, ಇನ್ನೊಂದು ಬದಿಯಲ್ಲಿದ್ದಾಗ ಒದ್ದಾಟ.

ಅಷ್ಟೇ ಅಲ್ಲ. ಅವರು ಸ್ಕ್ರೂ ಹೊಡೆದದ್ದು 6 ಮಿಲಿಮೀಟರ್ ಪ್ಲೈವುಡ್ ಅಡ್ಡಗೋಡೆಗೆ. ಗೂಡಿನೊಳಗೆ ತಲೆ ಹಾಕಿ, ಟಾರ್ಚ್ ಹಿಡಿದು, ಮಗನಿಗೆ ವೀಲ್ ಅಲ್ಲಾಡಿಸಲು ಹೇಳಿ ನೋಡಿದೆ. ವೀಲ್ ದಿಕ್ಕು ಬದಲಿಸಿದ ಪ್ರತಿ ಸಲವೂ ಮೊದಲು ಹಲಗೆ ಬಾಗುತ್ತಿತ್ತು, ಆಮೇಲೆ ಸೆನ್ಸರ್ ತಿರುಗುತ್ತಿತ್ತು. ಪರದೆಯಲ್ಲಿ ಒಂದೆರಡು ಡಿಗ್ರಿ ಸುಮ್ನೆ ಹೊಯ್ದಾಟ. ಆ ಹೊಯ್ದಾಟವನ್ನು ಪೈಲಟ್ ನಿಜವೆಂದು ನಂಬಿ ಮೋಟಾರು ಓಡಿಸುತ್ತದೆ. ಹಾಗಾಗಿ ದೋಣಿ ನೆಟ್ಟಗೆ ಹೋಗುತ್ತಿದ್ದರೂ ಮೋಟಾರು ಕುಟುಕುಟು ಅನ್ನುತ್ತಲೇ ಇತ್ತು, ಬ್ಯಾಟರಿ ಇಳಿಯುತ್ತಲೇ ಇತ್ತು.

ಎಲ್ಲ ಬಿಚ್ಚಿ ನಾನೇ ಮಾಡಿದೆ. ಪೈಪಿಲ್ಲದ ಇನ್ನೊಂದು ಬದಿ ಆರಿಸಿಕೊಂಡೆ. ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ, ಚುಕ್ಕಾಣಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಏನೂ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. 18 ಮಿಲಿಮೀಟರ್ ಮರೀನ್ ಪ್ಲೈನಲ್ಲಿ ಕಟ್ಟೆ ಮಾಡಿ, ಎಪಾಕ್ಸಿ ಮತ್ತು ಗ್ಲಾಸ್ ಬಟ್ಟೆಯಿಂದ ದೋಣಿಯ ಮೈಗೇ ಅಂಟಿಸಿದೆ. ಸೆನ್ಸರ್‌ಗೆ ಸ್ಕ್ರೂ ಅಲ್ಲ, ಆರಪಾರ ಬೋಲ್ಟು. ಸರಳಿನ ಎರಡೂ ತುದಿಯ ಬಾಲ್ ಜಾಯಿಂಟಿಗೆ ಲಾಕ್ ನಟ್. ಈಗ ಎಡ 30, ಬಲ 30. ಮೋಟಾರು ಕೆಲಸ ಇದ್ದಾಗ ಮಾತ್ರ ಓಡುತ್ತದೆ. ಹಿಂದಿನ ಅಲೆಯಲ್ಲೂ ಪೈಲಟ್ ಚುಕ್ಕಾಣಿಯನ್ನು ಕೊಟ್ಟು, ವಾಪಸ್ ನಡುವಿಗೆ ತಂದು ಬಿಡುತ್ತದೆ. ಆ ಜಾಡು ನೋಡಿದರೆ ಮನಸ್ಸು ತುಂಬುತ್ತದೆ.

ದಿಕ್ಸೂಚಿಯ ಬಗ್ಗೆಯೂ ಹೇಳಬೇಕಲ್ಲ. ದೋಣಿಯ ಜೊತೆ ಬಂದದ್ದು ಫ್ಲಕ್ಸ್‌ಗೇಟ್ ಅನ್ನುವ ಹಳೇ ಬಗೆಯ ವಿದ್ಯುತ್ ದಿಕ್ಸೂಚಿ, ತೂಗುವ ಸುರುಳಿಯದ್ದು. ಇಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 60 ಡಿಗ್ರಿ ಕೆಳಮುಖವಾಗಿದೆ. ಸುರುಳಿ ಅಲೆಗೆ ಓಲಾಡಿ ಒಂದು ಡಿಗ್ರಿ ಓರೆಯಾದರೆ ದಿಕ್ಕು ಹೆಚ್ಚುಕಡಿಮೆ ಎರಡು ಡಿಗ್ರಿಯವರೆಗೂ ತಪ್ಪಬಹುದು. ಉತ್ತರಕ್ಕೆ ವಾಪಸ್ ಬರುವಾಗ ಇದು ಕಣ್ಣಿಗೆ ಕಾಣುತ್ತಿತ್ತು. ಅದಕ್ಕೇ ಸೆನ್ಸರ್‌ಗಳ ಪರೀಕ್ಷೆಗೆ ಮುಂಚೆಯೇ ರೇಮರೀನ್ ಕಂಪನಿಯ ಇವಿ-1 ದಿಕ್ಸೂಚಿ ಹಾಕಿಸಿದ್ದೆ. ಅದರಲ್ಲಿ ಕಾಂತ, ವೇಗೋತ್ಕರ್ಷ, ತಿರುಗುವಿಕೆ ಮೂರನ್ನೂ ಮೂರು ಅಕ್ಷದಲ್ಲಿ ಅಳೆಯುವ ಚಿಪ್‌ಗಳಿವೆ. ಓಲಾಟವನ್ನು ಲೆಕ್ಕದಿಂದ ಕಳೆಯುತ್ತದೆ. ಸ್ಪೀಕರ್, ಕಬ್ಬಿಣದ ಸಾಮಾನುಗಳಿಂದ ಒಂದು ಮೀಟರ್ ದೂರ ಇಡಿ, ಸಾಕು. ಉಪಗ್ರಹ ದಿಕ್ಸೂಚಿ ಇನ್ನೂ ನಿಖರ, ಆದರೆ ಬೆಲೆ ನಮ್ಮಂಥವರಿಗಲ್ಲ.

ವೈರಿಂಗ್ ಬಗ್ಗೆ ಎರಡೇ ಮಾತು. ಸೆನ್ಸರ್ ವೈರನ್ನು ಮೋಟಾರಿನ ದಪ್ಪ ವೈರಿನ ಜೊತೆ ಕಟ್ಟಬೇಡಿ. ದೋಣಿಯ ಉಪಕರಣಗಳನ್ನೆಲ್ಲ ಜೋಡಿಸುವ ಎನ್‌ಎಂಇಎ 2000 ಜಾಲದಲ್ಲಿ ಏನಾದರೂ ಮಾಯವಾದರೆ, ಪವರ್ ಆರಿಸಿ ಎರಡು ಡೇಟಾ ವೈರುಗಳ ನಡುವೆ ಮೀಟರ್ ಹಿಡಿಯಿರಿ. ಜಾಲದ ಎರಡೂ ತುದಿಯ 120 ಓಮ್ ರೆಸಿಸ್ಟರ್‌ಗಳು ಸೇರಿ 60 ಓಮ್ ತೋರಿಸಬೇಕು.

ಟಿಲ್ಲರ್ ಇರುವ ಚಿಕ್ಕ ದೋಣಿಯವರಿಗೆ ಇದ್ಯಾವುದೂ ಬೇಡ. ದಿಕ್ಸೂಚಿ ಒಳಗೇ ಇರುವ ಟಿಲ್ಲರ್ ಪೈಲಟ್ ಸಾಕು. ವೀಲ್ ಇದ್ದು, ಕೊಲ್ಲಿಯಿಂದಾಚೆ ಹೋಗುವುದೇ ಇಲ್ಲ ಅನ್ನುವವರು ಸೆನ್ಸರ್ ದುಡ್ಡು ಉಳಿಸಿ ಒಳ್ಳೆ ಲೈಫ್ ಜಾಕೆಟ್ ಕೊಳ್ಳಿ. ನಾವಿಬ್ಬರೇ ಹೋಗುತ್ತೇವೆ, ಹೆಂಡತಿಗೆ ಅಲೆ ಜಾಸ್ತಿಯಾದರೆ ಹೊಟ್ಟೆ ತೊಳಸುತ್ತದೆ, ಆಗ ಹಾಯಿ ಇಳಿಸಲು ನನ್ನ ಎರಡೂ ಕೈ ಬೇಕು. ಹಾಗಾಗಿ ನನಗೆ ತೋಳಿನ ಸೆನ್ಸರೇ. ಕಂಟ್ರೋಲರ್ ಕೊಳ್ಳುವಾಗ ಅದಕ್ಕೆ ಚುಕ್ಕಾಣಿ ಸೆನ್ಸರ್ ಜೋಡಿಸುವ ಜಾಗ ಇದೆಯೇ ಅಂತ ನೋಡಿಕೊಳ್ಳಿ, ಎಲ್ಲದರಲ್ಲೂ ಇರುವುದಿಲ್ಲ. ಆರ್ಡರ್ ಹಾಕುವ ಮುಂಚೆ ರಟ್ಟು, ಅಳತೆ ಟೇಪು ಹಿಡಿದು ಹಿಂದಿನ ಗೂಡಿಗೆ ಒಮ್ಮೆ ಇಳಿಯಿರಿ. ಫೋಟೋ ಕಳಿಸಿದರೆ ಎಲ್ಲಿ ಕೂರಿಸಬಹುದು ಅಂತ ನಾನೂ ನೋಡಿ ಹೇಳುತ್ತೇನೆ.