ಪದವಿನ ಹೂವಿಗೆ ಹತ್ತು ಪಟ್ಟಿನ ಲೆನ್ಸ್: ಎರಡು ಮಳೆಗಾಲ ಬಳಸಿದ ಮೇಲೆ

ಗಿಡ, ಹೂವು ಅಂತ ಗುಡ್ಡ ಸುತ್ತುವವರು ಯಾರಾದರೂ ಇದ್ದರೆ ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸು, ಹೊಸ ಕ್ಯಾಮೆರಾ ಇವುಗಳಿಗೆಲ್ಲ ದುಡ್ಡು ಹಾಕುವ ಮೊದಲು ಕೈಯಲ್ಲಿ ಹಿಡಿದು ನೋಡುವ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಒಂದು ತಗೊಳ್ಳಿ. ನಾನು ತಗೊಂಡದ್ದು 650 ರೂಪಾಯಿಗೆ. ಎರಡು ಮಳೆಗಾಲ ಕಳೆಯಿತು. ಅದರ ಒಳ್ಳೆಯದು ಕೆಟ್ಟದು ಎರಡೂ ಈಗ ಗೊತ್ತಾಗಿದೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅಡಿಕೆ ತೋಟ ದಾಟಿ ಗುಡ್ಡ ಹತ್ತಿದರೆ ಮುರಕಲ್ಲಿನ ಪದವು, ಅಂದರೆ ಗುಡ್ಡದ ತಲೆಯ ಮೇಲಿನ ಕೆಂಪುಕಲ್ಲಿನ ಬಯಲು. ಮಾರ್ಚ್ ತಿಂಗಳಲ್ಲಿ ಅಲ್ಲಿ ಬರಿಗಾಲಿಡಲು ಆಗುವುದಿಲ್ಲ. ಜೂನ್ ಕಳೆದ ಮೇಲೆ ಅದೇ ಕಲ್ಲಿನ ಮೇಲೆ ತೆಳ್ಳಗೆ ನೀರು ಹರಿಯುತ್ತದೆ, ತಗ್ಗು ಇದ್ದಲ್ಲಿ ಪಳ್ಳ ಆಗುತ್ತದೆ, ಆಮೇಲೆ ಅಕ್ಟೋಬರ್ ತನಕ ಒಂದಾದ ಮೇಲೆ ಒಂದು ಹೂವು. ನೇರಳೆ, ಬಿಳಿ, ಹಳದಿ. ಎಲ್ಲ ಸಣ್ಣ ಸಣ್ಣದು. ನಿಂತು ನೋಡಿದರೆ ಬಣ್ಣ ಮಾತ್ರ ಕಾಣುತ್ತದೆ, ಗಿಡ ಕಾಣಬೇಕಾದರೆ ಕುಕ್ಕರಗಾಲಲ್ಲಿ ಕೂರಬೇಕು. ಅದರಲ್ಲಿ ನೇರಳೆ ಬಣ್ಣದ ಒಂದನ್ನು ನಮ್ಮಲ್ಲಿ ಮಲಯಾಳ ಮಾತಾಡುವವರು ಕಾಕ್ಕಪ್ಪೂವು ಅನ್ನುತ್ತಾರೆ, ಓಣಂಗೆ ಪೂಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ ಕೊಯ್ಯುತ್ತಾರೆ. ಪುಸ್ತಕದ ಹೆಸರು ಯುಟ್ರಿಕ್ಯುಲೇರಿಯಾ ರೆಟಿಕ್ಯುಲೇಟಾ. ಹೂವಿನ ತುಟಿಯ ಮೇಲೆ ಬಲೆ ಹೆಣೆದ ಹಾಗೆ ಗೆರೆಗಳಿವೆ, ಹೆಸರು ಬಂದದ್ದು ಅದರಿಂದ.

ಎರಡು ವರ್ಷದ ಹಿಂದೆ ಸೆಪ್ಟೆಂಬರ್ ಕೊನೆಗೆ ಅದೇ ಪದವಿನಲ್ಲಿ ಇನ್ನೊಂದು ಕಂಡಿತು. ಕಾಕ್ಕಪ್ಪೂವಿನದೇ ಬಳಗ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ, ಆದರೆ ಹೂವು ಅಕ್ಕಿ ಕಾಳಿನಷ್ಟು, ಬಣ್ಣ ತೆಳು ನೇರಳೆ, ಹೂವಿಗೆ ತೊಟ್ಟೇ ಇಲ್ಲವೇನೋ ಅನ್ನುವ ಹಾಗೆ ದಂಟಿಗೆ ಅಂಟಿಕೊಂಡಿದೆ. ಮನೆಗೆ ಬಂದು ನನ್ನ ಹತ್ತಿರ ಇದ್ದ, ಯಾವ ಜಿಲ್ಲೆಯಲ್ಲಿ ಯಾವ ಗಿಡ ಅಂತ ಬರೆದ ಒಂದು ಪಟ್ಟಿ ತೆಗೆದು ನೋಡಿದೆ. ಅದರಲ್ಲಿ ಕಾಸರಗೋಡು ಜಿಲ್ಲೆಯ ಕೆಳಗೆ ಇಂಥದ್ದೊಂದು ಇರಲಿಲ್ಲ. ನನ್ನ ಎದೆ ಹೊಡೆದುಕೊಂಡದ್ದು ಈಗಲೂ ನೆನಪಿದೆ. ನಮ್ಮ ಊರಿನ ಗುಡ್ಡದಲ್ಲಿ ಈ ತನಕ ಯಾರೂ ಬರೆದಿಡದ ಹೂವು ಅಂದರೆ ಸಣ್ಣ ಸಂಗತಿಯಲ್ಲ ಅಲ್ವಾ.

ಫೋಟೋ ತೆಗೆದು ಗಿಡ ಗುರುತಿಸುವ ಒಂದು ಆ್ಯಪಿಗೆ ಹಾಕಿದೆ. ಒಂದೇ ಗಿಡದ ಮೂರು ಫೋಟೋಗೆ ಮೂರು ಹೆಸರು ಕೊಟ್ಟಿತು. ಆಮೇಲೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ, ಪರಿಚಯದ ಮೇಡಂ ಒಬ್ಬರಿಗೆ ಕಳಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಮಾಷ್ಟ್ರೇ, ಹೂವಿನ ಬುಡದಲ್ಲಿ ಒಂದು ಪುಟ್ಟ ಎಲೆ ಉಂಟಲ್ಲ, ಬ್ರ್ಯಾಕ್ಟ್ ಅನ್ನುವುದು, ಅದು ದಂಟಿಗೆ ಬುಡದಲ್ಲಿ ಅಂಟಿದೆಯಾ, ನಡುವಿನಲ್ಲಿ ಅಂಟಿದೆಯಾ?"

ಅದು ಒಂದು ಮಿಲಿಮೀಟರ್ ಆಸುಪಾಸಿನ ವಸ್ತು. ಫೋಟೋದಲ್ಲಿ ಅಲ್ಲಿ ಒಂದು ಹಸಿರು ಚುಕ್ಕೆ ಇತ್ತು, ಅಷ್ಟೆ.

ಹಾಗೆ ಶುರುವಾಯಿತು ಲೆನ್ಸ್ ಹುಡುಕುವ ಕೆಲಸ. ಮೊದಲು ಆನ್‌ಲೈನಲ್ಲಿ 180 ರೂಪಾಯಿಯದ್ದು ತರಿಸಿದೆ. ಮೇಲೆ "ಮೂವತ್ತು ಪಟ್ಟು" ಅಂತ ಕೆತ್ತಿತ್ತು, ಲೈಟ್ ಕೂಡಾ ಇತ್ತು. ನೋಡಿದರೆ ನಡುವಿನಲ್ಲಿ ಮಾತ್ರ ಸ್ಪಷ್ಟ, ಸುತ್ತ ಎಲ್ಲ ನೀಲಿ ಕೆಂಪು ಅಂಚು, ಹೂವಿನ ನಿಜ ಬಣ್ಣ ಯಾವುದು ಅಂತಲೇ ತಿಳಿಯುವುದಿಲ್ಲ. ಅದು ಮೂವತ್ತು ಪಟ್ಟು ಅಲ್ಲ ಅಂತ ಮನೆಯಲ್ಲೇ ಗೊತ್ತಾಯಿತು. ಇದನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಹಗಲು ಹೊತ್ತಿನಲ್ಲಿ ಕತ್ತಲಿರುವ ಕೋಣೆಯ ಒಳಗೆ, ಕಿಟಕಿಗೆ ಎದುರು ಗೋಡೆಯ ಹತ್ತಿರ ಲೆನ್ಸ್ ಹಿಡಿಯಿರಿ. ಅಂಗಳದಾಚೆಯ ತೆಂಗಿನ ಮರ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತದೆ. ಚಿತ್ರ ಸ್ಪಷ್ಟವಾದಾಗ ಲೆನ್ಸಿನಿಂದ ಗೋಡೆಗೆ ಎಷ್ಟು ದೂರ ಅಂತ ಅಳೆಯಿರಿ. ಇಪ್ಪತ್ತೈದು ಸೆಂಟಿಮೀಟರನ್ನು ಆ ದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಅಂತ ಸಿಗುತ್ತದೆ. ನನ್ನದು ನಾಲ್ಕು ಸೆಂಟಿಮೀಟರ್ ಬಂತು, ಅಂದರೆ ಆರು ಪಟ್ಟು ಚಿಲ್ಲರೆ. ಮೂವತ್ತು ಪಟ್ಟು ನಿಜವಾಗಿದ್ದರೆ ಆ ದೂರ ಒಂದು ಸೆಂಟಿಮೀಟರಿಗಿಂತ ಕಡಿಮೆ ಇರಬೇಕಿತ್ತು. ದೊಡ್ಡ ಗಾಜು, ದೊಡ್ಡ ನಂಬರು, ಕಡಿಮೆ ದುಡ್ಡು ಮೂರೂ ಒಟ್ಟಿಗೆ ಕಂಡರೆ ತಗೊಳ್ಳಬೇಡಿ.

ಎರಡನೆಯದನ್ನು ಮಂಗಳೂರಿಗೆ ಹೋದಾಗ ಲ್ಯಾಬ್ ಸಾಮಾನು ಮಾರುವ ಅಂಗಡಿಯಿಂದ ತಂದೆ. ಪೆಟ್ಟಿಗೆಯ ಮೇಲೆ ಕಂಪೆನಿಯ ಹೆಸರೇ ಇರಲಿಲ್ಲ. ಗಾಜು ಸಣ್ಣದು, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಅಗಲ. ಒಳಗೆ ಮೂರು ಗಾಜು ಅಂಟಿಸಿ ಒಂದು ಮಾಡಿದ್ದಾರೆ, ಟ್ರಿಪ್ಲೆಟ್ ಅನ್ನುತ್ತಾರೆ. ಬಣ್ಣದ ಅಂಚು ಬಾರದಿರಲು, ಗೆರೆ ಬಾಗದಿರಲು ಈ ಏರ್ಪಾಡು. ಗೋಡೆಯ ಲೆಕ್ಕದಲ್ಲಿ ಎರಡೂವರೆ ಸೆಂಟಿಮೀಟರ್, ಸರಿಯಾಗಿ ಹತ್ತು ಪಟ್ಟು. ಅಂಗಡಿಯಲ್ಲೇ ಸ್ಕೇಲಿನ ಮಿಲಿಮೀಟರ್ ಗೆರೆಗಳ ಮೇಲೆ ಇಟ್ಟು ನೋಡಿದೆ, ಅಂಚಿನ ತನಕ ಗೆರೆ ನೇರ ಇತ್ತು. ಇಪ್ಪತ್ತು ಪಟ್ಟಿನದೂ ತೋರಿಸಿದರು. ಅದನ್ನು ಹೂವಿಗೆ ಮುಟ್ಟುವಷ್ಟು ಹತ್ತಿರ ಹಿಡಿಯಬೇಕು, ಒಳಗೆ ಕತ್ತಲೆ, ಕೈ ಚೂರು ಅಲುಗಿದರೆ ಹೂವು ಕಾಣದಾಗುತ್ತದೆ. ಮಳೆಯಲ್ಲಿ ಕೊಡೆ ಹಿಡಿದು ಕೂತವರಿಗೆ ಅದು ಆಗದ ಕೆಲಸ.

ಬಳಸುವ ಕ್ರಮ ನನಗೆ ಮೊದಲು ಗೊತ್ತಿರಲಿಲ್ಲ. ಭೂತಗನ್ನಡಿಯ ಹಾಗೆ ಹೂವಿನ ಮೇಲೆ ಹಿಡಿದು ದೂರದಿಂದ ನೋಡುತ್ತಿದ್ದೆ. ಹಾಗಲ್ಲ. ಲೆನ್ಸ್ ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು, ಆ ಕೈಯನ್ನು ಕೆನ್ನೆಗೆ ಒತ್ತಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಹೂವನ್ನು ಲೆನ್ಸಿನ ಕಡೆಗೆ ತರಬೇಕು. ಬೆಳಕು ಹೂವಿನ ಮೇಲೆ ಬೀಳುವ ಹಾಗೆ ತಿರುಗಿ ಕೂರಬೇಕು. ಇಷ್ಟು ಕಲಿತ ದಿನ ಆ ಬ್ರ್ಯಾಕ್ಟ್ ಕಂಡಿತು. ಎರಡೂ ತುದಿ ಚೂಪು, ನಡುವಿನಲ್ಲಿ ಮೊಳೆ ಹೊಡೆದು ದಂಟಿಗೆ ನಿಲ್ಲಿಸಿದ ಹಾಗೆ. ಪಕ್ಕದಲ್ಲೇ ಇದ್ದ ಕಾಕ್ಕಪ್ಪೂವು ನೋಡಿದೆ, ಅದರದ್ದು ಬುಡದಲ್ಲೇ ಅಂಟಿದೆ. ಎರಡು ಗಿಡ ಬೇರೆ ಬೇರೆ ಅನ್ನುವುದಕ್ಕೆ ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಒಂದು ಗಿಡವನ್ನು ಬೇರು ಕಡೆಯಿಂದ ಮೆಲ್ಲ ಎತ್ತಿ ಅಂಗೈಯಲ್ಲಿ ನೀರು ಹಾಕಿ ಮಣ್ಣು ತೊಳೆದು ಕೂಡಾ ನೋಡಿ. ಕೂದಲಿನಂಥ ಎಳೆಗಳಲ್ಲಿ ಪುಟ್ಟ ಪುಟ್ಟ ಚೀಲಗಳು, ಗಾಜಿನ ಮಣಿಯ ಹಾಗೆ. ಈ ಗಿಡ ಹುಳ ತಿನ್ನುವುದು ಅದರಿಂದ. ಚೀಲದೊಳಗಿನ ನೀರನ್ನು ಹೊರಗೆ ಹಾಕಿ ಒಳಗೆ ಸೆಳೆತ ಇಟ್ಟುಕೊಂಡಿರುತ್ತದೆ, ಬಾಗಿಲಿನ ರೋಮಕ್ಕೆ ನೀರಿನ ಸಣ್ಣ ಜೀವಿ ತಾಗಿದರೆ ಬಾಗಿಲು ತೆರೆದು ಅದು ನೀರಿನೊಟ್ಟಿಗೆ ಒಳಗೆ ಹೋಗಿಬಿಡುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ ಅದಕ್ಕೆ. ಮುರಕಲ್ಲಿನ ಮೇಲೆ ಗೊಬ್ಬರ ಎಲ್ಲಿಂದ ಬರಬೇಕು, ಹಾಗಾಗಿ ಈ ದಾರಿ. ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವನು, ಆ ಚೀಲಗಳನ್ನು ನಮ್ಮ ಗುಡ್ಡದಲ್ಲೇ ಒಮ್ಮೆ ತೋರಿಸಿದ್ದರೆ ಅಂತ ಅನಿಸಿತು.

ಎರಡು ಗಿಡ ಒಣಗಿಸಿದೆ. ಮಳೆಗಾಲದಲ್ಲಿ ಬಿಸಿಲು ಇಲ್ಲ, ಪೇಪರಿನ ಮಧ್ಯೆ ಇಟ್ಟು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆ, ದಿನಕ್ಕೆ ಎರಡು ಸಲ ಪೇಪರ್ ಬದಲಿಸಿದೆ. ನಾಲ್ಕನೇ ದಿನ ತೆಗೆದರೆ ಗಿಡ ಕಪ್ಪು. ಹೊಗೆ ಹಿಡಿದು ಹಾಳಾಯಿತು ಅಂತ ತುಂಬ ಬೇಜಾರಾಯಿತು. ಮೇಡಂಗೆ ಹೇಳಿದಾಗ ಅವರು, "ಕಪ್ಪಾಯಿತಾ? ಒಳ್ಳೆಯದಾಯಿತು ಮಾಷ್ಟ್ರೇ" ಅಂದರು. ಬ್ರ್ಯಾಕ್ಟ್ ನಡುವಿನಲ್ಲಿ ಅಂಟಿರುವುದು, ತೊಟ್ಟು ಗಿಡ್ಡ ಇರುವುದು, ಒಣಗಿದಾಗ ಕಪ್ಪಾಗುವುದು, ಮೂರೂ ಯುಟ್ರಿಕ್ಯುಲೇರಿಯಾ ಸೆರೂಲಿಯಾದ ಲಕ್ಷಣ. ಲಿನೇಯಸ್ 1753ರಲ್ಲೇ ಹೆಸರಿಟ್ಟ ಗಿಡ. ಭಾರತದಲ್ಲಿ ಬೇಕಾದಷ್ಟು ಕಡೆ ಇದೆ. ಹೊಸತಲ್ಲ.

ಬೇಸರ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಲೆನ್ಸ್ ಇಲ್ಲದೆ ಹೋಗಿದ್ದರೆ ನಾನು ಕಾಸರಗೋಡಿನಲ್ಲಿ ಹೊಸ ಹೂವು ಸಿಕ್ಕಿದೆ ಅಂತ ನಾಲ್ಕು ಕಡೆ ಬರೆದು ಹಾಕುತ್ತಿದ್ದೆ. ತಪ್ಪು ದಾಖಲೆ ಒಮ್ಮೆ ಸೇರಿದರೆ ಅದನ್ನು ನೋಡಿ ಇನ್ನೊಬ್ಬರು ಬರೆಯುತ್ತಾರೆ, ತೆಗೆಯುವುದು ಬಹಳ ಕಷ್ಟ.

ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಕೆಳಗೆ ಇಲ್ಲ ಅನ್ನುವುದಕ್ಕೂ ಮೇಡಂ ಒಂದು ಮಾತು ಹೇಳಿದರು, ಗಡಿ ಭಾಗದವರು ಎಲ್ಲರೂ ಇದನ್ನು ಗಮನಿಸಬೇಕು. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ರಂದು. ಅದಕ್ಕೆ ಮೊದಲು ನಾವು ಕಣ್ಣೂರು ಜಿಲ್ಲೆ. 1956ರ ನವೆಂಬರಿಗೆ ಮೊದಲು ದಕ್ಷಿಣ ಕನ್ನಡ, ಮದರಾಸು. 1915ರಿಂದ 1936ರ ತನಕ ಬಿಡಿ ಬಿಡಿಯಾಗಿ ಬಂದ ಗ್ಯಾಂಬಲ್ ಅವರ ಮದರಾಸು ಪ್ರಾಂತ್ಯದ ಸಸ್ಯಗಳ ಪುಸ್ತಕದಲ್ಲಿ ಸೌತ್ ಕೆನರಾ ಅಂತ ಇದ್ದರೆ ಅದು ಕುಂದಾಪುರವೂ ಆಗಬಹುದು, ಕುಂಬಳೆಯೂ ಆಗಬಹುದು. ನಮ್ಮ ಗುಡ್ಡದಿಂದಲೇ ಯಾರೋ ಕೊಂಡುಹೋದ ಗಿಡ ಕೊಯಮತ್ತೂರಿನ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳನ್ನು ಕಾಪಾಡಿ ಇಡುವಲ್ಲಿ, ದಕ್ಷಿಣ ಕನ್ನಡದ ಹೆಸರಿನಲ್ಲಿ ಕೂತಿರಬಹುದು. ಹಾಗಾಗಿ ಜಿಲ್ಲೆಗೆ ಹೊಸತು, ಕೇರಳಕ್ಕೆ ಹೊಸತು ಅನ್ನುವ ಮೊದಲು ಈ ಮೂರು ಹೆಸರಿನ ಅಡಿಯಲ್ಲೂ ಹುಡುಕಬೇಕು. ಆಚೆ ಕಡೆಯದ್ದನ್ನೂ ಬಿಡಬಾರದು. ಪೀಟರ್ ಟೇಲರ್ 1984ರಲ್ಲಿ ಹೆಸರಿಟ್ಟ ಯುಟ್ರಿಕ್ಯುಲೇರಿಯಾ ಸೆಸಿಲಿ, ಕರ್ನಾಟಕದ ಸಸ್ಯಗಳ ಮೇಲೆ ಕೆಲಸ ಮಾಡಿದ ಸೆಸಿಲ್ ಸಲ್ಡಾನ್ಹಾ ಅವರ ಹೆಸರಿನದು, ಕರ್ನಾಟಕ ಕರಾವಳಿಯ ಮುರಕಲ್ಲಿನ ಗಿಡ. ನಮ್ಮ ಪದವಿಗೂ ಆ ನೆಲಕ್ಕೂ ಕಲ್ಲು ಒಂದೇ, ಮಳೆ ಒಂದೇ.

ಹೊಸತು ಸಿಗುವುದೇ ಇಲ್ಲ ಅಂತಲೂ ಅಲ್ಲ. ಉತ್ತರ ಕೇರಳದ ಇಂಥದೇ ಪಳ್ಳಗಳ ಒಂದು ನೀರ ಹೂವಿಗೆ 1990ರಲ್ಲಿ ನಿಂಫಾಯ್ಡಿಸ್ ಕೃಷ್ಣಕೇಸರ ಅಂತ ಹೆಸರಿಟ್ಟರು, ಕಪ್ಪು ಕೇಸರದ್ದು ಅಂತ ಅರ್ಥ. ಎಷ್ಟು ಚೆಂದದ ಹೆಸರು! ನಮ್ಮ ಪದವಿನ ಒಂದು ಬದಿಯಲ್ಲಿ ಈಗ ಕೆಂಪುಕಲ್ಲಿನ ಕೋರೆ ಬಂದಿದೆ, ಮೆಷಿನ್ ಇಟ್ಟು ಕೊಯ್ಯುತ್ತಾರೆ, ಕೊಯ್ದಲ್ಲಿ ಮೇಲಿನ ತೆಳ್ಳನೆ ಮಣ್ಣು ಬೀಜದ ಸಮೇತ ಹೋಗುತ್ತದೆ. ಏನಿತ್ತು ಅಂತ ಬರೆದಿಡದೆ ಹೋದರೆ ಏನು ಹೋಯಿತು ಅಂತ ಕೂಡಾ ಹೇಳಲು ಆಗುವುದಿಲ್ಲ.

ಈಗ ಲೆನ್ಸಿನ ದೋಷಗಳು. ಮಳೆಯಲ್ಲಿ ಕಣ್ಣಿನ ಹತ್ತಿರ ಹಿಡಿದರೆ ಉಸಿರಿಗೆ ಮಂಜು ಕಟ್ಟುತ್ತದೆ, ಒರೆಸಲು ಒಣ ಹತ್ತಿ ಬಟ್ಟೆ ಜೇಬಿನಲ್ಲಿ ಬೇಕೇ ಬೇಕು. ಮಡಚುವ ಕೀಲಿನ ಸ್ಕ್ರೂ ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿಯಿತು, ಆಮೇಲೆ ಸಡಿಲ. ಕನ್ನಡಕದ ಅಂಗಡಿಯಲ್ಲಿ ಬೇರೆ ಸ್ಕ್ರೂ ಹಾಕಿಕೊಟ್ಟರು, ಹತ್ತು ನಿಮಿಷದ ಕೆಲಸ. ಕರಾವಳಿಯ ತೇವಕ್ಕೆ ಗಾಜಿಗೆ ಬೂಸು ಬರುತ್ತದೆ ಅಂತ ಕೇಳಿ, ಮಾತ್ರೆ ಡಬ್ಬಿಯಲ್ಲಿ ಬರುವ ಸಿಲಿಕಾ ಚೀಲದ ಜೊತೆ ಸಣ್ಣ ಡಬ್ಬಿಯಲ್ಲಿ ಇಡುತ್ತೇನೆ. ಈ ತನಕ ಬಂದಿಲ್ಲ. ಕುತ್ತಿಗೆಗೆ ಹಾಕುವ ದಾರ ಕೊಡಬೇಕಿತ್ತು, ಕೊಟ್ಟಿಲ್ಲ. ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ, ನಾನು ಕೆಂಪು ದಾರ ಕಟ್ಟಿದ್ದೇನೆ.

ಮೊಬೈಲಿಗೆ ಸಿಕ್ಕಿಸುವ ಲೆನ್ಸೂ ಮಗಳ ಹತ್ತಿರ ಇದೆ, ಹೋಲಿಸಿ ನೋಡಿದೆ. ಇನ್ನೊಬ್ಬರಿಗೆ ತೋರಿಸಲು ಅದು ಒಳ್ಳೆಯದು. ಆದರೆ ಗಾಳಿಗೆ ಹೂವು ಅಲುಗಿದರೆ ಆಯಿತು, ಹತ್ತು ಫೋಟೋದಲ್ಲಿ ಒಂಬತ್ತು ಮಸುಕು. ಕಣ್ಣಿನಲ್ಲಿ ನೋಡುವಾಗ ಹೂವು ತಿರುಗಿಸಿ, ಬಾಗಿಸಿ, ಹಿಂದಿನ ಕೊಂಬು ಉದ್ದವಾ ಗಿಡ್ಡವಾ ಅಂತ ಅಲ್ಲಿಯೇ ನಿಶ್ಚಯ ಮಾಡಬಹುದು. ಈ ಹತ್ತು ಪಟ್ಟಿನ ಲೆನ್ಸಿಗೂ ಮಿತಿ ಇದೆ. ಪದವಿನಲ್ಲಿ ಬಿಳಿ ಗುಂಡಿಯ ಹಾಗೆ ಹೂ ಬಿಡುವ ಎರಿಯೋಕಾಲಾನ್ ಗಿಡಗಳು ಐದಾರು ಬಗೆ ಕಾಣುತ್ತವೆ, ಅವುಗಳನ್ನು ಬೇರೆ ಮಾಡಲು ಬೀಜದ ಮೈ ನೋಡಬೇಕು, ಅದಕ್ಕೆ ಮೈಕ್ರೋಸ್ಕೋಪೇ ಆಗಬೇಕು. ಅವುಗಳಿಗಾಗಿ ಲೆನ್ಸ್ ತಗೊಳ್ಳುವುದಾದರೆ ಬೇಡ.

ಲೆನ್ಸ್ ತಗೊಂಡವರು ಜೊತೆಗೆ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಜಾಗ, ತಾರೀಕು, ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶ, ನೀರು ಇತ್ತಾ ಇಲ್ಲವಾ, ಮುಖ್ಯವಾಗಿ ಹೂವಿನ ಬಣ್ಣ. ಒಣಗಿದ ಮೇಲೆ ಬಣ್ಣ ಉಳಿಯುವುದಿಲ್ಲ. ಇಂಥ ಸೂಕ್ಷ್ಮ ಹೂವುಗಳನ್ನು ಒಣಗಿಸುವುದರ ಜೊತೆ ಒಂದೆರಡು ಸ್ಪಿರಿಟ್ ಬಾಟಲಿಯಲ್ಲೂ ಹಾಕಿಡಬೇಕು, ಆಕಾರ ಹಾಗೇ ಇರುತ್ತದೆ. ಫೋಟೋ ಎಷ್ಟಿದ್ದರೂ ಗಿಡ ಹರ್ಬೇರಿಯಂ ಸೇರದೆ ದಾಖಲೆ ಗಟ್ಟಿಯಾಗುವುದಿಲ್ಲ, ನಾಳೆ ಯಾರಾದರೂ ಅನುಮಾನ ಪಟ್ಟರೆ ತೆಗೆದು ನೋಡಲು ಗಿಡವೇ ಬೇಕು. ಆದರೆ ಇಪ್ಪತ್ತು ಗಿಡ ಇದ್ದಲ್ಲಿ ಒಂದು ಮಾತ್ರ. ಎರಡೋ ಮೂರೋ ಇದ್ದರೆ ಫೋಟೋ ತೆಗೆದು ಬನ್ನಿ. ಕಾಯ್ದಿಟ್ಟ ಕಾಡಿನಲ್ಲಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟಲೇಬೇಡಿ.

ಈ ವರ್ಷ ಪದವಿನ ಆಚೆ ಬದಿಯ ಪಳ್ಳದ ಅಂಚಿನಲ್ಲಿ ತೆಳು ನೀಲಿಯ ಇನ್ನೊಂದು ಸಿಕ್ಕಿದೆ. ಬ್ರ್ಯಾಕ್ಟ್ ಬುಡದಲ್ಲೇ ಅಂಟಿದೆ, ಹೂವಿನ ಮೇಲೆ ಬಲೆಯ ಗೆರೆ ಇಲ್ಲ. ಬಾಟಲಿ ಮೇಡಂ ಹತ್ತಿರ ಇದೆ. ಕಾಯಿ ಬಲಿತ ಗಿಡ ಕೂಡಾ ಬೇಕು ಅಂದಿದ್ದಾರೆ, ನೀರು ಆರುವ ಮೊದಲು ಇನ್ನೊಮ್ಮೆ ಹತ್ತಬೇಕು.