ಕಕ್ಕಡದ ಮಳೆಯಲ್ಲಿ ಜಿಗ್ ಎರಕ: ಪ್ಲಾಸ್ಟರ್, ಕಾರ್ ಪುಟ್ಟಿ, ಸಿಲಿಕೋನ್

ಕೊಡಗಿನಲ್ಲಿ ಕೂತು ಮೀನಿನ ಗಾಳಕ್ಕೆ ಸೀಸದ ಜಿಗ್ (ಕೊಕ್ಕೆಯ ಮೇಲೆ ಕೂರುವ ಭಾರದ ತಲೆ) ಎರಕ ಹೊಯ್ಯುವುದಾದರೆ ಅಚ್ಚನ್ನು ಕಾರ್ ಪುಟ್ಟಿಯಲ್ಲೇ ಮಾಡಿಕೊಳ್ಳಿ. ಮೂರನ್ನೂ ಮಾಡಿ ನೋಡಿದ ಮೇಲೆ ನನ್ನ ತೀರ್ಮಾನ ಇದು. ಪ್ಲಾಸ್ಟರ್ ಕೆಟ್ಟ ವಸ್ತುವೇನಲ್ಲ, ಬಯಲುಸೀಮೆಯ ಬಿಸಿಲಿಗೆ ಅದು ಚೆನ್ನಾಗಿಯೇ ಒಗ್ಗುತ್ತದೆ. ನಮ್ಮ ಕಷ್ಟವೇ ಬೇರೆ. ತುಲಾ ಸಂಕ್ರಮಣ ಕಳೆದು ಕಾವೇರಿ ನೀರು ತಿಳಿಯಾಗುವ ಹೊತ್ತಿಗೆ ಜಿಗ್ ಸಿದ್ಧವಿರಬೇಕು, ಅದಾದ ಮೇಲೆ ಕಾಫಿ ಕುಯ್ಲು ಶುರು. ಕೈಗೆ ಬಿಡುವು ಸಿಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕಕ್ಕಡವೆಂಬ ಕೊಡವರ ಮಳೆ ತಿಂಗಳೂ ಸೇರಿ, ಹಗ್ಗದ ಮೇಲಿನ ಬಟ್ಟೆಯೇ ವಾರವಾದರೂ ಒಣಗದ ದಿನಗಳಲ್ಲಿ.

ಪ್ಲಾಸ್ಟರ್‌ನ ತೊಂದರೆ ಪೂರ್ತಿ ನೀರಿನದ್ದು. 8 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಎರಡು ಹೋಳಿನ ಅಚ್ಚಿಗೆ ಸುಮಾರು 200 ಗ್ರಾಂ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ 130 ಮಿ.ಲೀ. ನೀರು ಹಾಕಿ ಕಲಸುತ್ತೇವೆ. ಗಟ್ಟಿಯಾಗುವಾಗ ಪ್ಲಾಸ್ಟರ್ ತನ್ನೊಳಗೆ ಸೇರಿಸಿಕೊಳ್ಳುವುದು ಅದರಲ್ಲಿ 37 ಗ್ರಾಂ ಮಾತ್ರ. ಉಳಿದ 93 ಗ್ರಾಂ ನೀರು ಸಣ್ಣ ಸಣ್ಣ ರಂಧ್ರಗಳಲ್ಲಿ ಹಾಗೇ ನಿಂತಿರುತ್ತದೆ, ಅಷ್ಟೂ ಗಾಳಿಗೆ ಹೋಗಬೇಕು. ಮುಟ್ಟಿದರೆ ಒಣಗಿದೆ ಅನಿಸುತ್ತದೆ, ಬೆಳ್ಳಗೂ ಕಾಣುತ್ತದೆ. ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ಒಳಗೆ ನೀರಿದೆ ಎಂದೇ ಅರ್ಥ. ನಂಬಬೇಕಾದದ್ದು ಅಡುಗೆ ತಕ್ಕಡಿಯನ್ನು. ಕಲಸಿದಾಗ 330 ಗ್ರಾಂ ಇದ್ದದ್ದು 237ರ ಆಸುಪಾಸಿಗೆ ಇಳಿದು, ಎರಡು ದಿನ ಬಿಟ್ಟು ತೂಗಿದರೂ ಅಲ್ಲೇ ನಿಂತಿರಬೇಕು. 260 ತೋರಿಸುವ ಅಚ್ಚಿಗೆ ಸೀಸ ಹೊಯ್ದರೆ ಒಳಗಿನ ನೀರು ಆ ಕ್ಷಣದಲ್ಲೇ ಆವಿಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಆವಿಗೆ ಇರುವ ದಾರಿ ಹೊಯ್ಯುವ ಬಾಯಿ ಒಂದೇ, ಅಲ್ಲಿಂದ ಕಾದ ಸೀಸ ಮುಖದ ಮೇಲೆ ಚಿಮ್ಮುತ್ತದೆ. ಅಷ್ಟಾಗದೆ ಬರೀ ಪಸೆ ಉಳಿದಿದ್ದರೂ ಜಿಗ್‌ನ ಮೈಯೆಲ್ಲ ಸಿಡುಬಿನ ಕಲೆಯಂತೆ ಗುಳಿ ಬೀಳುತ್ತದೆ.

ಬೇಗ ಒಣಗಲಿ ಎಂದು ಓವನ್‌ನಲ್ಲಿ 150 ಡಿಗ್ರಿಗೆ ಇಟ್ಟರೆ ಇನ್ನೊಂದು ಪೇಚು. ಆ ಶಾಖಕ್ಕೆ ಪ್ಲಾಸ್ಟರ್ ಕಟ್ಟಿಟ್ಟುಕೊಂಡ ನೀರೂ ಬಿಟ್ಟುಹೋಗಿ ಅಚ್ಚು ಸೀಮೆಸುಣ್ಣದ ಹಾಗೆ ಉದುರುತ್ತದೆ. 50 ಡಿಗ್ರಿಯ ಆಚೀಚೆ, ನಿಧಾನವಾಗಿಯೇ ಒಣಗಬೇಕು. ಸೌದೆ ಒಲೆಯ ಮೇಲಿನ ಅಟ್ಟ ಅದಕ್ಕೆ ಒಳ್ಳೆಯ ಜಾಗ, ಆದರೂ ಮಳೆಗಾಲದಲ್ಲಿ ವಾರಗಳೇ ಹಿಡಿಯುತ್ತವೆ. ಇಷ್ಟೆಲ್ಲ ಮಾಡಿದ ಮೇಲೂ 350 ಡಿಗ್ರಿಯ ಸೀಸ ಪ್ರತಿ ಸಲ ಒಳಮೈಯನ್ನು ಸ್ವಲ್ಪ ಸ್ವಲ್ಪವೇ ಸುಟ್ಟು ಪುಡಿ ಮಾಡುತ್ತದೆ. ಹತ್ತು-ಹದಿನೈದು ಎರಕಕ್ಕೆ ಜಿಗ್‌ನ ಕಣ್ಣು, ಕತ್ತಿನ ಗೀರು ಎಲ್ಲ ಮಸುಕಾಗಿಬಿಡುತ್ತದೆ.

ಕಾರ್ ಪುಟ್ಟಿಗೆ ಈ ಗೋಳು ಇಲ್ಲ. ಅದರಲ್ಲಿ ನೀರೇ ಇಲ್ಲ. ಅಂಗಡಿಯಲ್ಲಿ ಬರೀ ‘ಪುಟ್ಟಿ’ ಎಂದು ಕೇಳಬೇಡಿ. ಗೋಡೆಯ ಪುಟ್ಟಿ ಕೆಲಸಕ್ಕೆ ಬಾರದು, ಪೇಂಟಿನ ಕೆಳಗೆ ಬಳಿಯುವ ಎನ್‌ಸಿ ಪುಟ್ಟಿಯೂ ಬಾರದು. ಟಿಂಕರಿಂಗ್ ಗ್ಯಾರೇಜಿನವರು ಬಳಸುವ, ಜೊತೆಗೆ ಹಾರ್ಡ್ನರ್ ಟ್ಯೂಬ್ ಬರುವ ಪಾಲಿಯೆಸ್ಟರ್ ಪುಟ್ಟಿ ಬೇಕು. ಒಂದು ಅಚ್ಚಿಗೆ ಸುಮಾರು 300 ಗ್ರಾಂ ಹಿಡಿಯುತ್ತದೆ. ಒಂದು ಕಿಲೋ ಡಬ್ಬದಲ್ಲಿ ಮೂರು ಅಚ್ಚು.

ಅಂಗಡಿಯ ಒಂದು ಒಳ್ಳೆಯ ಜಿಗ್ ತೆಗೆದುಕೊಂಡು ಕೊಕ್ಕೆಯ ಸಮೇತ ಅರ್ಧ ಭಾಗ ಪ್ಲಾಸ್ಟಿಸಿನ್ ಮಣ್ಣಿನಲ್ಲಿ ಹುದುಗಿಸಿ, ಸುತ್ತ ರಟ್ಟಿನ ಗೋಡೆ ನಿಲ್ಲಿಸಿ. ಮೂಲೆಗಳಲ್ಲಿ ಪೆನ್ಸಿಲ್ ಹಿಂಬದಿಯಿಂದ ನಾಲ್ಕು ಗುಳಿ ಒತ್ತಿ, ಹೋಳುಗಳು ಆಮೇಲೆ ಒಂದರೊಳಗೊಂದು ಕೂರುವುದು ಇವುಗಳಿಂದಲೇ. 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡ್ನರ್ ಸಾಕು. ಮಡಿಕೇರಿಯ ಚಳಿಗೆ 3 ಗ್ರಾಂ. ಬೇಗ ಗಟ್ಟಿಯಾಗಲಿ ಎಂದು ಅದಕ್ಕಿಂತ ಹೆಚ್ಚು ಹಾಕಿದರೆ ಅಚ್ಚು ಬಲ ಕಳೆದುಕೊಳ್ಳುತ್ತದೆ. ಕೈಯಲ್ಲಿ ಇರುವುದು ಐದು ನಿಮಿಷ. ಮೊದಲು ತೆಳ್ಳಗೆ ಒಂದು ಪದರವನ್ನು ಬ್ರಷ್ಷಿನಿಂದ ಜಿಗ್‌ನ ಮೈಗೆ ಒತ್ತಿ ಸವರಿ, ಗಾಳಿಗುಳ್ಳೆ ಉಳಿಯಬಾರದು. ಅದರ ಮೇಲೆ ಒಂದು ಸೆಂ.ಮೀ. ದಪ್ಪದ ಪದರಗಳಾಗಿ 2 ಸೆಂ.ಮೀ.ವರೆಗೆ ತುಂಬಿ. ಒಂದೇ ಸಲ ಸುರಿದರೆ ಒಳಗೊಳಗೇ ಕಾದು, ಕುಗ್ಗಿ ಸೀಳುತ್ತದೆ.

ಗಟ್ಟಿಯಾದ ಮೇಲೆ ಮಗುಚಿ ಮಣ್ಣು ಬಿಡಿಸಿ, ಇನ್ನೊಂದು ಹೋಳು ತುಂಬುವ ಮುನ್ನ ಮೊದಲ ಹೋಳಿಗೂ ಜಿಗ್‌ಗೂ ನೆಲದ ಮೇಣದ ಪಾಲಿಶ್ ಮೂರು ಸಲ ಹಚ್ಚಿ ಉಜ್ಜಿ. ಬೆರಳಗಲ ಜಾಗ ಬಿಟ್ಟುಹೋದರೂ ಎರಡು ಹೋಳು ಒಂದೇ ಕಲ್ಲಾಗುತ್ತವೆ, ಒಳಗಿರುವ ಜಿಗ್ಗೂ ಹೋಯಿತು.

ಸುರಿಯುವ ಬಾಯಿ ಮೇಲೆ 8 ಮಿ.ಮೀ., ಜಿಗ್ ಸೇರುವಲ್ಲಿ 3 ಮಿ.ಮೀ. ಇರಲಿ. ಗಾಳಿ ಹೊರಡಲು ತುದಿಯಿಂದ ಬ್ಲೇಡಿನಲ್ಲಿ ಕೂದಲೆಳೆಯಷ್ಟು ಗೀರು ಸಾಕು, ಅಗಲವಾದರೆ ಸೀಸವೂ ಅದರಲ್ಲೇ ಹರಿಯುತ್ತದೆ. ಒಳಮೈಗೆ ಮೇಣದಬತ್ತಿಯ ಮಸಿ ಹಿಡಿಸಿದರೆ ಸೀಸ ಮೂಲೆಮೂಲೆಗೂ ಓಡುತ್ತದೆ. ಮೊದಲ ನಾಲ್ಕೈದು ಎರಕ ಅರ್ಧಂಬರ್ಧ ಬಂದರೆ ಅಚ್ಚು ಇನ್ನೂ ಕಾದಿಲ್ಲ ಎಂದರ್ಥ. ಅವನ್ನು ವಾಪಸ್ ಕರಗಿಸಿ.

ಪುಟ್ಟಿಗೂ ಕೊರತೆಯಿದೆ. ಮೊದಮೊದಲು ಹೊಗೆ, ಕಟುವಾದ ವಾಸನೆ ಬರುತ್ತದೆ. ಹೊಯ್ಯುವ ಬಾಯಿಯ ಅಂಚು ನಿಧಾನಕ್ಕೆ ಕರಕಲಾಗುತ್ತದೆ. ಆ ಭಾಗ ಕೆರೆದು ಹೊಸ ಪುಟ್ಟಿ ಮೆತ್ತಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಸಿಲಿಕೋನ್ ನೋಡಲು ಬಲು ಚೆಂದ. ಬಾಗುವುದರಿಂದ ಎಂಥ ಆಕಾರವನ್ನೂ ಬಿಟ್ಟುಕೊಡುತ್ತದೆ. ಆದರೆ ಸೋಪು, ಮೇಣದಬತ್ತಿಗೆಂದು ಮಾರುವ ಮಾಮೂಲಿ ಸಿಲಿಕೋನ್ ತಾಳುವುದು 200 ಡಿಗ್ರಿಯ ಆಸುಪಾಸು, ಸೀಸ ಕರಗುವುದೇ 327ಕ್ಕೆ. ಹೆಚ್ಚು ಶಾಖ ತಾಳುವ ಬಗೆಯೂ ಇದೆ, ಬೆಲೆ ಪುಟ್ಟಿಯ ಹಲವು ಪಟ್ಟು. ಕ್ಲಾಂಪ್ ತುಸು ಬಿಗಿಯಾದರೂ ಅಚ್ಚು ನುಲಿದು ದುಂಡಗಿನ ಜಿಗ್ ಮೊಟ್ಟೆಯಾಗಿ ಬರುತ್ತದೆ. ತವರ ಹೊಯ್ಯುವವರಿಗೆ ಮಾತ್ರ ಇದನ್ನು ಮನಸಾರೆ ಹೇಳುತ್ತೇನೆ. ತವರ 232 ಡಿಗ್ರಿಗೆ ಕರಗುತ್ತದೆ, ಹಾಗಾಗಿ ಆ ದುಬಾರಿ ಬಗೆ ಅದಕ್ಕೆ ಬಹುಕಾಲ ಬಾಳುತ್ತದೆ. 10 ಗ್ರಾಂ ಸೀಸ ಹಿಡಿಯುವ ಅಚ್ಚಿನಲ್ಲಿ ತವರದ ಜಿಗ್ ಆರೂವರೆ ಗ್ರಾಂ ತೂಗುತ್ತದೆ ಅಷ್ಟೆ. ಕಾವೇರಿಯ ಬಂಡೆಗಳ ಸಂದಿಗೆ ನಾವು ಎಷ್ಟು ಜಿಗ್ ಕಳೆದುಕೊಳ್ಳುತ್ತೇವೆ ಎಂದು ನೆನೆದರೆ, ದುಡ್ಡಿದ್ದವರು ತವರದ ಕಡೆಗೆ ತಿರುಗುವುದೇ ನದಿಗೂ ಒಳ್ಳೆಯದು.

ಅಚ್ಚು ಯಾವುದೇ ಇರಲಿ, ಸೀಸ ಕರಗಿಸುವುದು ಮನೆಯ ಹೊರಗೆ, ಗಾಳಿಯಾಡುವ, ಸೋರದ ಸೂರಿನ ಕೆಳಗೆ. ಹೆಂಚಿನಿಂದ ಒಂದು ಹನಿ ಪಾತ್ರೆಗೆ ಬಿದ್ದರೂ ಸಿಡಿಯುತ್ತದೆ. ಸೌಟು, ಕೊಕ್ಕೆ ಎರಡನ್ನೂ ಮೊದಲೇ ಬೆಚ್ಚಗೆ ಮಾಡಿಕೊಳ್ಳಿ. ಆ ಪಾತ್ರೆ ಮತ್ತೆ ಅಡುಗೆಗೆ ಬೇಡ, ಮಕ್ಕಳು ಹತ್ತಿರ ಬರುವುದು ಬೇಡ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಟೈರ್ ಬ್ಯಾಲೆನ್ಸಿಂಗ್ ತೂಕದ ಸೀಸ ಸಿಕ್ಕರೆ ಶಾಖ 400 ಡಿಗ್ರಿ ದಾಟಿಸಬೇಡಿ. ಅದರಲ್ಲಿ ಬೆರೆತ ಸತುವಿನ ತುಂಡುಗಳು 419ಕ್ಕೆ ಮೊದಲು ಕರಗುವುದಿಲ್ಲ, ಮೇಲೆ ತೇಲುವಾಗ ಎತ್ತಿ ಬಿಸಾಡಬಹುದು. ಹಳೇ ಬ್ಯಾಟರಿಯ ಸೀಸ ಮುಟ್ಟಲೇ ಬೇಡಿ, ಅದರಿಂದ ವಿಷಾನಿಲ ಏಳಬಹುದು.

ವರ್ಷಕ್ಕೆ 50-60 ಜಿಗ್ ಮಾಡುವ, ಅಚ್ಚಿಗೆಂದು ಐನೂರು ರೂಪಾಯಿಗಿಂತ ಹೆಚ್ಚು ಸುರಿಯಲು ಮನಸ್ಸಿಲ್ಲದ ನನ್ನಂಥವರಿಗೆ ಪುಟ್ಟಿಯೇ ಸರಿ. ಹೊಸ ಆಕಾರ ಹೇಗೆ ಬರುತ್ತದೋ ನೋಡೋಣ ಎನ್ನುವಾಗ ಮಾತ್ರ ಪ್ಲಾಸ್ಟರ್, ಅದೂ ಫೆಬ್ರವರಿ-ಮಾರ್ಚ್‌ನಲ್ಲಿ. ಆಗ ಕಾಫಿ ಕಣದ ಸಿಮೆಂಟು ನೆಲದ ಬಿಸಿಗೆ ಅಚ್ಚು ತಾನಾಗೇ ಒಣಗುತ್ತದೆ. ಆದರೆ ಒಮ್ಮೆ ಸೀಸ ಕಂಡ ಅಚ್ಚನ್ನು ಕಾಫಿ ಹರಡಿದ ಕಣಕ್ಕೆ ಮತ್ತೆ ತರಬೇಡಿ.