ಬಾಷ್ ಜಿಎಲ್‌ಎಂ 40: ಇಂಟೀರಿಯರ್ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಲೇಸರ್ ಟೇಪು ಬೇಕೇ?

ಇಂಟೀರಿಯರ್ ಆಫೀಸಿಗೆ ಹೊಸದಾಗಿ ಸೇರಿದವರ ಕೈಗೆ ಮೊದಲು ಬರುವುದು ಸೈಟಿನ ಅಳತೆ. ಬಣ್ಣ, ಪರದೆ, ತ್ರೀಡಿ ಚಿತ್ರ ಎಲ್ಲ ಆಮೇಲೆ. ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಲು 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ನೋಂದಣಿ ಬೇಕು. ಡೆಕೋರೇಟರ್ ಎನ್ನಲು ಅಂಥ ಲೈಸೆನ್ಸ್ ಏನೂ ಇಲ್ಲ. ಹಾಗಾಗಿ ನೀವು ತಂದ ಅಳತೆಯ ಹಾಳೆಯೇ ನಿಮ್ಮ ಯೋಗ್ಯತೆಯನ್ನು ಹೇಳುತ್ತದೆ. ಆ ಹಾಳೆ ಸರಿಯಾಗಲು, ಲೇಸರ್ ಚುಕ್ಕೆ ಬಿಟ್ಟು ದೂರ ಅಳೆಯುವ ಬಾಷ್ ಕಂಪನಿಯ ಈ ಯಂತ್ರ ಎಷ್ಟು ನೆರವಾಗುತ್ತದೆ ನೋಡೋಣ.

ಜಿಎಲ್‌ಎಂ 40 ಅಳೆಯುವುದು 0.15ರಿಂದ 40 ಮೀಟರ್‌ವರೆಗೆ. ಹೆಚ್ಚುಕಡಿಮೆ ±1.5 ಮಿ.ಮೀ., ಬಡಿಗೇರರ ಲೆಕ್ಕದಲ್ಲಿ ಅರ್ಧ ಸೂತ (ಎಂಟು ಸೂತಕ್ಕೆ ಒಂದು ಇಂಚು). ವಾರ್ಡ್‌ರೋಬಿಗೂ ಅಡುಗೆಮನೆಗೂ ಧಾರಾಳ ಸಾಕು. ಎರಡು ಎಎಎ ಸೆಲ್ಲಿನಲ್ಲಿ ನಡೆಯುತ್ತದೆ, ಕೊನೆಯ ಹತ್ತು ಅಳತೆಗಳನ್ನು ನೆನಪಿಡುತ್ತದೆ. ಐಪಿ54 ದರ್ಜೆಯ ರಕ್ಷಣೆ ಇರುವುದರಿಂದ ಗಿಲಾವಿನ ಧೂಳು, ನೀರಿನ ಹನಿ ತಡೆಯುತ್ತದೆ. ಗೌಂಡಿಯ ಬಕೆಟ್ಟಿನೊಳಗೆ ಬಿದ್ದರೆ ಮಾತ್ರ ಆಸೆ ಬಿಡಿ.

ಒಬ್ಬರೇ ಸೈಟಿಗೆ ಹೋದಾಗ ಇದರ ಬೆಲೆ ತಿಳಿಯುತ್ತದೆ. ಹತ್ತು ಫೂಟಿನ ಛಾವಣಿಗೆ ಟೇಪು ಚಾಚಿದರೆ ಅರ್ಧಕ್ಕೇ ಬಾಗುತ್ತದೆ. ಲೇಸರನ್ನು ನೆಲದ ಮೇಲೆ ನಿಲ್ಲಿಸಿ ಗುಂಡಿ ಒತ್ತಿದರೆ ನೆಲದಿಂದ ಸೀಲಿಂಗ್, ತೊಲೆಯ ಕೆಳಗಿನ ಎತ್ತರ ಎರಡೂ ಕ್ಷಣದಲ್ಲಿ ಬರುತ್ತವೆ. ಫಾಲ್ಸ್ ಸೀಲಿಂಗಿನ ಎಸ್ಟಿಮೇಟ್ ಮಾಡುವವರಿಗೆ ಇದೊಂದೇ ಸಾಕು, ಯಂತ್ರದ ದುಡ್ಡು ವಸೂಲು.

ತಪ್ಪು ಅಂಕಿ ಬರುವುದು ಯಂತ್ರದಿಂದ ಕಡಿಮೆ, ಹಿಡಿಯುವ ಕೈಯಿಂದ ಹೆಚ್ಚು. ಅಳತೆ ಹಿಂಬದಿಯ ಅಂಚಿನಿಂದ ಶುರುವಾಗುತ್ತದೋ ಮುಂಬದಿಯಿಂದಲೋ ಎಂಬುದನ್ನು ಪರದೆಯ ಚಿಹ್ನೆ ತೋರಿಸುತ್ತದೆ. ಅದು ಬದಲಾದದ್ದನ್ನು ಗಮನಿಸದಿದ್ದರೆ ಯಂತ್ರದ ಉದ್ದವಾದ ಸುಮಾರು 10 ಸೆಂ.ಮೀ. ವ್ಯತ್ಯಾಸ ಬಂದು, ಇಡೀ ಶಟರ್ (ಕಪಾಟಿನ ಬಾಗಿಲು) ಸೆಟ್ ಹಾಳಾಗುತ್ತದೆ. ಇನ್ನು ಓರೆ ಹಿಡಿಯುವುದು: 4 ಮೀಟರ್ ಕೋಣೆಯಲ್ಲಿ ಬರೀ 3 ಡಿಗ್ರಿ ವಾಲಿದರೂ ಐದೂವರೆ ಮಿ.ಮೀ. ಹೆಚ್ಚು ತೋರಿಸುತ್ತದೆ. ನಿರಂತರ ಅಳತೆಗೆ ಇಟ್ಟು, ಬೆಳಕಿನ ಚುಕ್ಕೆಯನ್ನು ಎದುರು ಗೋಡೆಯ ಮೇಲೆ ನಿಧಾನ ಆಡಿಸಿ, ಬಂದದ್ದರಲ್ಲಿ ಸಣ್ಣ ಅಂಕಿ ಹಿಡಿಯಿರಿ. ಕನ್ನಡಿ, ಗಾಜು, ಪಾಲಿಶ್ ಮಾಡಿದ ಗ್ರಾನೈಟ್ ಎದುರಿದ್ದರೆ ಒಂದು ರಟ್ಟಿನ ತುಂಡು ಇಟ್ಟು ಅಳೆಯಿರಿ. ಬಿಸಿಲಿರುವ ಟೆರೇಸು, ಕಾಂಪೌಂಡಿನಲ್ಲಂತೂ ಕೆಂಪು ಚುಕ್ಕೆ ಕಣ್ಣಿಗೇ ಬೀಳುವುದಿಲ್ಲ.

ಕರ್ಣದ ಅಳತೆಯಲ್ಲಿ ಇದು ಸೋಲುತ್ತದೆ. ಯಂತ್ರದ ಅಗಲ ಸುಮಾರು 4 ಸೆಂ.ಮೀ. ಇರುವುದರಿಂದ ಅದರ ಬೆನ್ನು ಮೂಲೆಯೊಳಗೆ ಕೂರುವುದಿಲ್ಲ, 2 ಸೆಂ.ಮೀ. ಹೊರಗೇ ನಿಲ್ಲುತ್ತದೆ. ಕರ್ಣ ಬಿಡುವಂತೆಯೂ ಇಲ್ಲ. 10×12 ಫೂಟಿನ ಕೋಣೆ ಕಾಟಕೋನದಲ್ಲಿದ್ದರೆ, ಅಂದರೆ ಮೂಲೆಗಳು ಸರಿಯಾಗಿ 90 ಡಿಗ್ರಿ ಇದ್ದರೆ, ಎರಡೂ ಕರ್ಣ 15 ಫೂಟು 7½ ಇಂಚಿನ ಆಸುಪಾಸು ಬರಬೇಕು. 10 ಫೂಟು ಉದ್ದದ ಗೋಡೆಗಳು ಪ್ಲಾನಿನಲ್ಲಿ ಒಂದೇ ಬದಿಗೆ ಒಂದು ಇಂಚು ಓರೆಯಾಗಿದ್ದರೆ ಕರ್ಣಗಳ ನಡುವೆ ಸುಮಾರು ಒಂದೂವರೆ ಇಂಚು ವ್ಯತ್ಯಾಸ ಕಾಣುತ್ತದೆ. ಇದಕ್ಕೆ ಇಬ್ಬರು ಜನ, ಒಂದು ಸ್ಟೀಲ್ ಟೇಪು, ಅಷ್ಟೇ.

ಬೆಳಗಾವಿಯ ಶಹಾಪುರ, ವಡಗಾವಿಯ ಹಳೇ ಮನೆಗಳ ಕಲ್ಲು-ಮಣ್ಣಿನ ದಪ್ಪ ಗೋಡೆ ಹೊಟ್ಟೆ ಬಿಟ್ಟಿರುತ್ತದೆ. ಅಲ್ಲಿ ಒಂದು ಗೋಡೆಯಿಂದ ಇನ್ನೊಂದಕ್ಕೆ ಒಂದೇ ಸಲ ಅಳೆದು ಬಂದರೆ ವಾರ್ಡ್‌ರೋಬು ಒಳಗೆ ಹೋಗುವುದಿಲ್ಲ. ಸ್ಕರ್ಟಿಂಗಿನ (ಗೋಡೆಯ ಬುಡದ ಪಟ್ಟಿ) ಮೇಲೆ, ಸೊಂಟದ ಎತ್ತರದಲ್ಲಿ, 7 ಫೂಟಿನಲ್ಲಿ ಹೀಗೆ ಮೂರು ಕಡೆ ಅಳೆದು, ಎಲ್ಲಕ್ಕಿಂತ ಸಣ್ಣದನ್ನು ಬಾಕ್ಸಿನ ಅಳತೆಗೆ ಇಟ್ಟುಕೊಳ್ಳಿ. ಅದರಲ್ಲೂ ಎರಡೂ ಬದಿಗೆ ತಲಾ 10 ಮಿ.ಮೀ. ಬಿಟ್ಟು, ಸಂದಿಗೆ ಫಿಲ್ಲರ್ ಪಟ್ಟಿ ಹೊಡೆಸಬೇಕು. ಈ ಮೂರು ಅಳತೆಗೆ ಲೇಸರ್ ಹೇಳಿ ಮಾಡಿಸಿದ್ದು. ಗೋಡೆಯಲ್ಲಿ ಮಳೆಗಾಲದ ತೇವ ಕಂಡರೆ ಅದನ್ನೂ ಅದೇ ಹಾಳೆಯಲ್ಲಿ ಬರೆಯಿರಿ; ಪ್ಲೈವುಡ್ ಐಎಸ್ 303 (ಸಾಮಾನ್ಯ ಬಳಕೆಯದು) ಸಾಕೋ, ಐಎಸ್ 710 (ನೀರು ತಡೆಯುವ ಮರೈನ್ ದರ್ಜೆ) ಬೇಕೋ ಎಂಬುದು ಅಲ್ಲೇ ನಿರ್ಧಾರವಾಗುತ್ತದೆ.

ಸ್ವಿಚ್‌ಬೋರ್ಡು, ನಲ್ಲಿಯ ಪಾಯಿಂಟು, ಕಿಟಕಿಯ ಸಿಲ್, 15 ಸೆಂ.ಮೀ.ಗಿಂತ ಕಿರಿದಾದ ಸಂದಿ ಇವೆಲ್ಲ ಟೇಪಿನ ಕೆಲಸವೇ. 5 ಮೀಟರಿನ ಟೇಪಿನ ತುದಿಯ ಕೊಕ್ಕೆ ಅಲುಗಾಡುತ್ತದೆಂದು ಸುತ್ತಿಗೆಯಿಂದ ಬಡಿದು ಬಿಗಿ ಮಾಡುವವರಿದ್ದಾರೆ. ಅದು ಅಲುಗಾಡಲೇಬೇಕು. ಒಳಗಿನಿಂದ ಒತ್ತಿ ಅಳೆದಾಗ, ಹೊರಗಿನಿಂದ ಎಳೆದು ಅಳೆದಾಗ ಕೊಕ್ಕೆಯ ದಪ್ಪವನ್ನು ಸರಿದೂಗಿಸುವುದೇ ಆ ಸಡಿಲ.

ಹಾಗಾಗಿ ಮೊದಲ ದಿನವೇ ಇದನ್ನು ಕೊಳ್ಳಬೇಡಿ. ಒಳ್ಳೆಯ ಟೇಪು ತಂದು ಸ್ವಂತ ಮನೆಯನ್ನೇ ಅಳೆದು 1:50ರಲ್ಲಿ ಪ್ಲಾನ್ ಬರೆಯಿರಿ, 3.6 ಮೀಟರ್ ಗೋಡೆ ಕಾಗದದ ಮೇಲೆ 72 ಮಿ.ಮೀ. ಬರಬೇಕು. ಅಡುಗೆಮನೆಯ ನಾಲ್ಕೂ ಗೋಡೆಗಳ ಎಲಿವೇಶನ್ (ಎದುರಿನಿಂದ ನೋಡಿದ ನಕ್ಷೆ) 1:20ರಲ್ಲಿ ಇರಲಿ. ಕೆಲಸ ಕೇಳಲು ಹೋಗುವಾಗ ಈ ಹಾಳೆಗಳನ್ನು ಒಯ್ಯಿರಿ, ಇಂಟರ್ನೆಟ್ಟಿನಿಂದ ಇಳಿಸಿದ ಚಿತ್ರಗಳು ಬೇಡ. ಒಂಟಿಯಾಗಿ ಸೈಟ್ ನೋಡುವ ಹೊತ್ತು ಬಂದಾಗ ಲೇಸರ್ ತನ್ನಿ.

ಕೊಳ್ಳುವಾಗ ಫೂಟು-ಇಂಚು ತೋರಿಸುತ್ತದೆಯೇ ಎಂದು ಅಂಗಡಿಯಲ್ಲೇ ಗುಂಡಿ ಒತ್ತಿ ನೋಡಿ, ನಮ್ಮ ಬಡಿಗೇರರಿಗೆ ಮೀಟರ್ ಹೇಳಿದರೆ ಕೆಲಸ ನಿಲ್ಲುತ್ತದೆ. ಕೌಂಟರಿನ ಮೇಲೆ ಟೇಪು ಚಾಚಿ 2 ಮೀಟರಿಗೆ ಗುರುತು ಹಾಕಿ ಎರಡನ್ನೂ ಹೋಲಿಸಿ, 2 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಬೇರೆ ಪೀಸ್ ಕೇಳಿ.